ಖಾಲಿ ದೋಣಿ, ಐದನೇ ಮಹಡಿಯ ಗಾಳಿ

ಒದ್ದೆ ಛತ್ರಿಯ ಬಟ್ಟೆ, ಬಿಸಿ ಎಣ್ಣೆಯಲ್ಲಿ ಕರಿಯುವ ಆಲೂಗಡ್ಡೆ ವಡೆ, ಕಾಗದದ ಚೀಲಕ್ಕೆ ಆಗತಾನೇ ಹಚ್ಚಿದ ಗೋಂದು. ಈ ಮೂರೂ ಬೆರೆತ ವಾಸನೆಯನ್ನು ಹಿಗಾಕಿ ತೊಮೊಸುಕೆಯವರು ತಮ್ಮ ಆರನೆಯ ವಯಸ್ಸಿನಲ್ಲಿ, ಅಮ್ಮನ ಕೈ ಹಿಡಿದು, ಮತ್ಸುಯೆ ಪಟ್ಟಣದ ಓಗಿಮಾಸು ಅಂಗಡಿಯ ಹೊಸ್ತಿಲಲ್ಲಿ ಮೊದಲ ಬಾರಿಗೆ ಮೂಸಿದರು. ಅದನ್ನು ಅವರು ಮರೆಯಲಿಲ್ಲ. ತಾವು ಮರೆಯದಿದ್ದರೆ ಚಿಂತೆಯಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡಲಿಲ್ಲ. ಅದೇ ಅಂಗಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ಐವತ್ತಮೂರಕ್ಕೆ ಬಂದ ಮೇಲೂ, ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕರೆ ಸಾಕು, "ನನ್ನ ಮೂಗಿಗೆ ನೆನಪಿದೆ ಕಣ್ರೀ" ಎಂದು ಶುರು ಮಾಡುತ್ತಿದ್ದರು. ತಮ್ಮ ಇಂದ್ರಿಯಗಳು ಉಳಿದವರ ಇಂದ್ರಿಯಗಳಂಥವಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಮೂಗಿನ ಮಟ್ಟಿಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಬಂದದ್ದು ಕಿವಿಯಿಂದ.

ಆ ವರ್ಷ ಅಂಗಡಿಯ ಹೊಸವರ್ಷದ ಊಟದ ದಿನ ಹಿನ್ನೆಲೆಯಲ್ಲಿ ಯಾವುದೋ ಹೆಂಗಸಿನ ಹಾಡು ಮೆಲ್ಲಗೆ ಹರಿಯುತ್ತಿತ್ತು. ಅಂಗಡಿಯ ಮಾಲೀಕರ ತಾಯಿ, ಎಂಬತ್ತೊಂದರ ಸುಮಿಯೆ ಅಮ್ಮನವರು, ಪಕ್ಕದಲ್ಲಿ ಕುಳಿತಿದ್ದ ಹಿಗಾಕಿಯವರನ್ನು ಸುಮ್ಮನೆ ಕೇಳಿದರು: "ಹೇಗಿದೆ ಇವಳ ದನಿ?" ಹಿಗಾಕಿಯವರ ಬಾಯಲ್ಲಿ ಬಿಸಿ ಮೂಲಂಗಿ ಇತ್ತು. ಅದನ್ನು ನುಂಗುವಷ್ಟರಲ್ಲಿ ಅವರಿಗೆ ಒಂದು ಸಾಲು ಹೊಳೆಯಿತು. ಹಿಂದಿನ ವಾರ ರೆಕಾರ್ಡು ಮಾರುವ ವಿಭಾಗದಲ್ಲಿ ದೀಪ ಬದಲಿಸುವಾಗ, ಏಣಿಯ ಮೇಲೆ ನಿಂತು, ಯಾವುದೋ ರಟ್ಟಿನ ಹಿಂಬದಿಯಲ್ಲಿ ಓದಿದ ಸಾಲು ಅದು.

"ಈ ದನಿ ಕೇಳಿಸುವುದಿಲ್ಲ, ಅಮ್ಮ. ಕವಿಯುತ್ತದೆ."

ಮೇಜಿನ ಸುತ್ತ ಇದ್ದವರೆಲ್ಲ ಚಾಪ್‌ಸ್ಟಿಕ್ ಕೆಳಗಿಟ್ಟರು. ಅಂದಿನಿಂದ ಹಿಗಾಕಿಯವರು ಓಗಿಮಾಸುವಿನ ಸಂಗೀತಜ್ಞರು.

ಅವರ ನಿಜವಾದ ಹುದ್ದೆ ಸಾಮಾನ್ಯ ವ್ಯವಹಾರ ವಿಭಾಗದ ಉಪಮುಖ್ಯಸ್ಥ. ಹೆಸರು ಉದ್ದ, ಕೆಲಸ ಗಿಡ್ಡ: ಉರಿಯದ ದೀಪ ಬದಲಿಸುವುದು, ಕಳೆದುಹೋದ ಕೈಗವಸಿಗೆ ಜೊತೆ ಹುಡುಕುವುದು, ಸುತ್ತೋಲೆಗಳಿಗೆ ಮುದ್ರೆ ಒತ್ತುವುದು. ಸುತ್ತೋಲೆ ಎಂದರೆ ಹದಿನಾಲ್ಕು ಚೌಕಗಳಿರುವ ಹಾಳೆ. ಮೇಜಿನಿಂದ ಮೇಜಿಗೆ ಬರುತ್ತದೆ. ತನ್ನ ಚೌಕದಲ್ಲಿ ತನ್ನ ಹೆಸರಿನ ಕೆಂಪು ಮುದ್ರೆ ಒತ್ತಿ ಪಕ್ಕಕ್ಕೆ ದಾಟಿಸಬೇಕು. ಓದಿದ್ದೇನೆ, ಒಪ್ಪಿದ್ದೇನೆ ಎಂದು ಅದರ ಅರ್ಥ. ಹಿಗಾಕಿಯವರ ಮೇಜಿನಲ್ಲಿ ಯಾವ ಸುತ್ತೋಲೆಯೂ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತದ್ದಿಲ್ಲ ಎಂದು ಮೇಲಿನವರು ಅವರ ಚುರುಕನ್ನು ಹೊಗಳುತ್ತಿದ್ದರು. ಓದುವ ಕೆಲಸವನ್ನು ಬಿಟ್ಟರೆ ಯಾರಾದರೂ ಅಷ್ಟು ಚುರುಕಾಗಬಹುದು.

ಜುಲೈ ತಿಂಗಳ ಒಂದು ಸೋಮವಾರ ಅಂಥ ಒಂದು ಸುತ್ತೋಲೆ ಬಂತು. ಅವರು ಒತ್ತಿದರು, ದಾಟಿಸಿದರು. ಅದರಲ್ಲಿ ಏನಿತ್ತು ಎಂದು ಅವರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರುವುದು ಒಳ್ಳೆಯದು.

ಓಗಿಮಾಸು ಏಳು ಮಹಡಿಯ ಅಂಗಡಿ, ಒಳಗೆ ಒಂದೂ ಕಿಟಕಿ ಇಲ್ಲ. ಹೊರಗೆ ಮಳೆ ಬಂದರೆ ಒಳಗಿನವರಿಗೆ ತಿಳಿಯಬೇಕಲ್ಲ. "ಮಳೆ ಬರುತ್ತಿದೆ" ಎಂದು ಕೂಗಿ ಹೇಳಿದರೆ ಗಿರಾಕಿಗಳಿಗೆ ಗಾಬರಿ. ಅದಕ್ಕೆ ಪ್ರಸಾರದ ಕೋಣೆಯಿಂದ ಒಂದು ಗೊತ್ತಾದ ರಾಗ ಹಾಕುತ್ತಾರೆ. ಅದು ಕಿವಿಗೆ ಬಿದ್ದದ್ದೇ ತಡ, ಬಾಗಿಲಲ್ಲಿ ಚಾಪೆ ಹಾಸುತ್ತಾರೆ, ಛತ್ರಿಗಳನ್ನು ಮುಂದಕ್ಕೆ ತರುತ್ತಾರೆ, ಕಾಗದದ ಚೀಲಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ ತೊಡಿಸುತ್ತಾರೆ, ಎಲ್ಲರಿಗೂ "ಇಂಥ ಮಳೇಲಿ ಬಂದ್ರಲ್ಲ, ದೊಡ್ಡ ಉಪಕಾರ" ಎಂದು ತಲೆಬಾಗುತ್ತಾರೆ. ಮಳೆ ನಿಂತರೆ ಇನ್ನೊಂದು ರಾಗ, ಎಲ್ಲ ವಾಪಸು. ಮೂವತ್ತು ವರ್ಷದಿಂದ ಮಳೆಗೆ ಇದ್ದದ್ದು ಒಂದು ತುತ್ತೂರಿ ರಾಗ. ಅದು ಹಳೆಯದಾಯಿತೆಂದು ಮಾರಾಟ ವಿಭಾಗದ ಮುಖ್ಯಸ್ಥ ಕುರೋಯ್ವಾ ತೀರ್ಮಾನಿಸಿದರು. ಸುತ್ತೋಲೆ ಹೇಳಿದ್ದು ಇಷ್ಟೇ: ಇಂದಿನಿಂದ ಮಳೆ ಶುರುವಾದರೆ ಮಿನೆಗಿಶಿ ಶಿಹೊ ಹಾಡಿದ 'ಖಾಲಿ ದೋಣಿ', ಮಳೆ ನಿಂತರೆ ತೊಡೊ ಮಿವಾ ಹಾಡಿದ 'ಐದನೇ ಮಹಡಿಯ ಗಾಳಿ'.

ಅದೇ ಸೋಮವಾರ ನಿರ್ದೇಶಕ ಉನೊ ಅವರು ಹಿಗಾಕಿಯವರನ್ನು ಕರೆದು ಕೈಗೆ ಒಂದು ಕ್ಯಾಸೆಟ್ಟು ಕೊಟ್ಟರು. ಅದರಲ್ಲಿ ಇದ್ದದ್ದು ಅವೇ ಎರಡು ಹಾಡು.

"ನೋಡ್ರಿ ಹಿಗಾಕಿ, ಅಂಗಡಿಗೆ ಎಪ್ಪತ್ತು ವರ್ಷ ತುಂಬುತ್ತೆ. ಸಮಾರಂಭದಲ್ಲಿ ಅತಿಥಿಗಳು ಒಳಗೆ ಬರುವಾಗ ಒಂದು ಹಾಡು ಬೇಕು. ಸುಮಿಯೆ ದೊಡ್ಡಮ್ಮನವರು 'ಖಾಲಿ ದೋಣಿ' ಅಂತಾರೆ. ಸೊಸೆ ಮಾಚಿಕೊ ಅಮ್ಮ 'ಐದನೇ ಮಹಡಿ' ಅಂತಾರೆ. ಹನ್ನೊಂದು ವರ್ಷದಿಂದ ಆ ಮನೇಲಿ ಸಾರಿಗೆ ಉಪ್ಪು ಎಷ್ಟು ಅನ್ನೋದೇ ಇತ್ಯರ್ಥ ಆಗಿಲ್ಲ."

"ಗೊತ್ತು, ಸರ್."

"ನೀವು ಸಂಗೀತ ಬಲ್ಲೋರು. ಎರಡನ್ನೂ ಹೋಲಿಸಿ ವರದಿ ಬರೀರಿ. ಶುಕ್ರವಾರ ಬೇಕು. ಇನ್ನೊಂದು ಮಾತು." ಉನೊ ಕನ್ನಡಕ ತೆಗೆದರು. "ಬೆಟ್ಟದ ಮೇಲಿನ ಗೋದಾಮಿಗೆ ನಿಮ್ಮ ವಿಭಾಗದಿಂದ ಒಬ್ಬರು ಹೋಗ್ಬೇಕು. ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಆ ಇಬ್ಬರು ಹೆಂಗಸರು ಒಂದೇ ಒಂದು ಮಾತಿಗೆ ಒಟ್ಟಿಗೆ ತಲೆ ಆಡಿಸೋ ಹಾಗೆ ಮಾಡಿ, ನಿಮ್ಮ ಹೆಸರು ಹೊಡೆದು ಹಾಕ್ತೀನಿ. ಇದನ್ನ ಅವರೆದುರಿಗೂ ಹೇಳಿದ್ದೀನಿ. ಆಗಲಿಲ್ಲ ಅಂದ್ರೆ ಸೆಪ್ಟೆಂಬರಿಗೆ ಹೊರಡಿ, ದಪ್ಪ ಕೋಟು ತಗೊಂಡು."

ಗೋದಾಮು ರೈಲಿನಲ್ಲಿ ಮೂರು ಗಂಟೆಯ ದಾರಿ. ವರ್ಷದಲ್ಲಿ ಐದು ತಿಂಗಳು ಹಿಮ. ಹಿಗಾಕಿಯವರಿಗೆ ಹಿಮದ ಹೆದರಿಕೆಗಿಂತ ಹೆಂಡತಿ ಫುಸಾಯೆಯ ಬದನೆ ಗಿಡಗಳ ಹೆದರಿಕೆ ಹೆಚ್ಚಾಗಿತ್ತು. ನಗರಸಭೆಯವರು ಬಾಡಿಗೆಗೆ ಕೊಡುವ ತರಕಾರಿ ತೋಟದಲ್ಲಿ ಚಾಪೆಯಗಲದ ಜಾಗಕ್ಕಾಗಿ ಫುಸಾಯೆ ಒಂಬತ್ತು ವರ್ಷ ಸರದಿಯಲ್ಲಿ ಕಾದಿದ್ದಳು. ಆ ವಸಂತದಲ್ಲಿ ಸಿಕ್ಕಿತ್ತು. ಈಗ ಗಿಡ ಹೂ ಬಿಟ್ಟಿತ್ತು. ಊರು ಬಿಟ್ಟವರ ಜಾಗ ಮರುದಿನವೇ ಬೇರೆಯವರಿಗೆ ಹೋಗುತ್ತದೆ.

ಆ ಸಂಜೆ ಹಿಗಾಕಿಯವರು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತು ಎರಡು ಹಾಡನ್ನೂ ಕೇಳಿದರು. 'ಖಾಲಿ ದೋಣಿ'ಯಲ್ಲಿ ಒಬ್ಬ ಹೆಂಗಸು ನಿಟ್ಟುಸಿರು ಬಿಡುತ್ತಾಳೆ, ದೂರದಲ್ಲಿ ನೀರಿನೊಳಗೆ ಮುಳುಗಿದ ಹಾಗೆ ಪಿಯಾನೊ. 'ಐದನೇ ಮಹಡಿಯ ಗಾಳಿ'ಯಲ್ಲಿ ಇನ್ನೊಬ್ಬ ಹೆಂಗಸು ನಿಟ್ಟುಸಿರು ಬಿಡುತ್ತಾಳೆ, ಪಿಯಾನೊ ಇನ್ನೂ ಸ್ವಲ್ಪ ಆಳದಲ್ಲಿ ಮುಳುಗಿದೆ. ಒಂದರಲ್ಲಿ ಮಂಜು, ಇನ್ನೊಂದರಲ್ಲಿ ಮಬ್ಬು. ಎಚ್ಚರವಾದಾಗ ಕ್ಯಾಸೆಟ್ಟು ಮುಗಿದಿತ್ತು, ಫುಸಾಯೆ ಅವರ ಮೇಲೆ ತೆಳ್ಳನೆಯ ಹೊದಿಕೆ ಹೊದಿಸಿದ್ದಳು.

"ನಿನಗೆ ಏನನ್ನಿಸ್ತು?" ಎಂದು ಕೇಳಿದರು.

"ಮೊದಲನೇದು ಕೇಳಿದಾಗ ಬಟ್ಟೆ ಮಡಿಸೋಣ ಅನ್ನಿಸ್ತು."

"ಎರಡನೇದು?"

"ಮಡಿಸ್ತಾನೇ ಇದ್ನಲ್ಲ."

"ವ್ಯತ್ಯಾಸ ಹೇಳೇ!"

"ಎರಡನೇದಕ್ಕೆ ನಿಮ್ಮ ಗೊರಕೆ ಜಾಸ್ತಿ ಇತ್ತು" ಎಂದಳು ಫುಸಾಯೆ. "ನೀವು ಗೊರಕೆ ಹೊಡೀತೀರಲ್ಲ, ಅದು ಕೇಳಿಸಲ್ಲ ಕಣ್ರೀ. ಕವಿಯುತ್ತೆ."

ಮಂಗಳವಾರ, ಬುಧವಾರ ಹೀಗೇ ಕಳೆಯಿತು. ವರದಿಯ ಹಾಳೆಯ ಮೇಲೆ "ಹೋಲಿಕೆ" ಎಂಬ ತಲೆಬರಹ ಮಾತ್ರ ಇತ್ತು, ಅದೂ ಎರಡು ಬಣ್ಣದ ಶಾಯಿಯಲ್ಲಿ. ಬುಧವಾರ ಸ್ನಾನದ ತೊಟ್ಟಿಯಲ್ಲಿ ಕುಳಿತಿದ್ದಾಗ ಹಿಗಾಕಿಯವರಿಗೆ ದಾರಿ ಕಂಡಿತು. ಹಾಡನ್ನು ಕೇಳಿ ತಿಳಿಯಲಾಗದಿದ್ದರೆ ಕೇಳುವವರನ್ನು ನೋಡಿ ತಿಳಿಯಬಹುದು! ಅಂಗಡಿಯ ತುಂಬ ಜನರಿದ್ದಾರೆ. ಎರಡೂ ಹಾಡನ್ನು ಅಲ್ಲಿ ಹಾಕಬೇಕು. ಯಾರು ಏನು ಮಾಡುತ್ತಾರೆ ಎಂದು ಬರೆದುಕೊಳ್ಳಬೇಕು. ಕೂಡಲೇ ಎದ್ದು ಒಂದು ಹೊಸ ಕ್ಯಾಸೆಟ್ಟಿಗೆ ಹಾಡುಗಳನ್ನು ತುಂಬಿದರು. ಮೊದಲನೆಯದು ಎರಡು ಸಲ, ಎರಡನೆಯದು ಎರಡು ಸಲ, ಮತ್ತೆ ಮೊದಲನೆಯದು, ಹೀಗೆ ಎರಡೂ ಬದಿ.

ಗುರುವಾರ ಪ್ರಸಾರದ ಕೋಣೆಯ ವಕುಯಿ ಚಿಸಾತೊ ಹಲ್ಲು ಕೀಳಿಸಿಕೊಳ್ಳಲು ಮಧ್ಯಾಹ್ನದವರೆಗೆ ರಜೆ ಹಾಕಿದ್ದಳು. ಕೀಲಿ ಇಟ್ಟು ಹೋಗಿದ್ದು ಸಾಮಾನ್ಯ ವ್ಯವಹಾರ ವಿಭಾಗದಲ್ಲಿ. ಅದು ಅಂಗಡಿಗೆ ಜನ ಹರಿದು ಬರುವ ದಿನವೂ ಆಗಿತ್ತು, ಏಕೆಂದರೆ ಎಲ್ಲರೂ ಹಾವುಮೀನು ತಿನ್ನುವ ಬೇಸಿಗೆಯ ಹಬ್ಬದ ದಿನ ಅದು. ಶಿಂಜಿ ಸರೋವರದ ಮೇಲೆ ಒಂದು ಚೂರು ಮೋಡವಿರಲಿಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಹತ್ತೂ ಮುಕ್ಕಾಲಿಗೆ ಹಿಗಾಕಿಯವರು ಕ್ಯಾಸೆಟ್ಟು ತುರುಕಿ, ಗುಂಡಿ ಒತ್ತಿ, ಯಾರೂ ಕೈಯಾಡಿಸಬಾರದೆಂದು ಕೋಣೆಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ಪುಸ್ತಕ ಪೆನ್ಸಿಲು ಹಿಡಿದು ಕೆಳಗಿಳಿದರು.

ಖಾಲಿ ದೋಣಿ ತೇಲತೊಡಗಿತು.

ನೆಲ ಮಹಡಿಯ ಕೈಚೀಲ ವಿಭಾಗದಲ್ಲಿ ಎಲ್ಲರೂ ಗೌರವದಿಂದ ಓಬಾತಾ-ಸಾನ್ ಎನ್ನುವ ಹಿರಿಯ ಹೆಂಗಸು ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದರು. ಹಾಡು ಕೇಳಿದವರೇ ಒಮ್ಮೆ ತಲೆಯೆತ್ತಿದರು. ಮುಖದ ಮೇಲೆ ಒಂದು ಕಾಳಜಿ ಹರಡಿತು. ಕಪಾಟಿನ ಹಿಂದಿನಿಂದ ಛತ್ರಿಗಳ ಗಾಡಿಯನ್ನು ಎಳೆದು ಬಾಗಿಲಿಗೆ ತಂದರು. ಇಬ್ಬರು ಚಾಪೆ ಹಾಸಿದರು. ಮತ್ತೊಬ್ಬಳು ಒಬ್ಬ ಗಿರಾಕಿಯ ಚೀಲಕ್ಕೆ ಮಗುವಿಗೆ ಅಂಗಿ ತೊಡಿಸುವಷ್ಟು ಮೃದುವಾಗಿ ಪ್ಲಾಸ್ಟಿಕ್ ತೊಡಿಸಿದಳು.

ಹಿಗಾಕಿಯವರು ಪುಸ್ತಕ ಬಿಚ್ಚಿದರು. ಮಳೆಯ ತುತ್ತೂರಿ ಊದಿಲ್ಲ! ಆದರೂ ಛತ್ರಿ ತೆಗೆಯುತ್ತಿದ್ದಾರೆ! ಅಂದಮೇಲೆ ಇದು ಹಾಡಿನ ಶಕ್ತಿಯಲ್ಲದೆ ಮತ್ತೇನು?

"ಓಬಾತಾ-ಸಾನ್, ಇದನ್ನ ಕೇಳಿದಾಗ ನಿಮಗೆ ಏನಾಗುತ್ತೆ?"

"ಆಗೋದೇನು, ಕೈ ತಾನಾಗೇ ಓಡುತ್ತೆ. ಪಕ್ಕಕ್ಕೆ ನಿಂತ್ಕೊಳಿ, ಗಾಡಿ ಕಾಲಿಗೆ ತಗಲುತ್ತೆ."

"ಕೈ ತಾನಾಗೇ ಓಡುತ್ತದೆ" ಎಂದು ಬರೆದುಕೊಂಡರು. ಎರಡು ಸಲ ಅಡಿಗೆರೆ ಎಳೆದರು.

ಹತ್ತು ನಿಮಿಷದ ಮೇಲೆ ಐದನೇ ಮಹಡಿಯಿಂದ ಗಾಳಿ ಬೀಸಿತು. ಓಬಾತಾ-ಸಾನ್ ಉಸ್ಸೆಂದರು. ಛತ್ರಿಗಳು ಹಿಂದಕ್ಕೆ ಹೋದವು, ಚಾಪೆ ಸುರುಳಿಯಾಯಿತು, ಎಲ್ಲರ ಬೆನ್ನು ನೆಟ್ಟಗಾಯಿತು. "ಎರಡನೆಯ ಹಾಡು: ಜನ ಚುರುಕಾಗುತ್ತಾರೆ. ಆದರೆ ಹೃದಯ ಮುಚ್ಚಿಕೊಳ್ಳುತ್ತದೆ" ಎಂದು ಹಿಗಾಕಿಯವರು ಬರೆದರು. ಈ ವಾಕ್ಯವನ್ನು ಅವರು ಯಾವ ರಟ್ಟಿನಿಂದಲೂ ಕದ್ದಿರಲಿಲ್ಲ. ಬರೆದು ತಾವೇ ಬೆರಗಾದರು.

ಮತ್ತೆ ದೋಣಿ. ನೆಲಮಾಳಿಗೆಯಲ್ಲಿ ಹಾವುಮೀನಿನ ಪೊಟ್ಟಣ ಹಿಡಿದ ಅಜ್ಜಿಯೊಬ್ಬರಿಗೆ ಅಂಗಡಿಯ ಹುಡುಗಿ ನಡು ಬಗ್ಗಿಸಿ ನಮಸ್ಕರಿಸಿದಳು.

"ಇಂಥ ಮಳೇಲಿ ಬಂದ್ರಲ್ಲ ಅಜ್ಜಿ, ದೊಡ್ಡ ಉಪಕಾರ."

"ಮಳೇನಾ? ನಾನು ಬಂದಾಗ ತಲೆ ಸುಡೋ ಬಿಸಿಲಿತ್ತಲ್ಲಮ್ಮ."

"ಈಗ ಜೋರಾಗಿದೆ ಅಜ್ಜಿ. ಇದು ಎರಡನೇ ಸಲ."

"ಅಯ್ಯಯ್ಯೋ, ಅಂಗಳದಲ್ಲಿ ಹಾಸಿಗೆ ಒಣಹಾಕಿ ಬಂದಿದ್ದೀನಿ!"

ಹುಡುಗಿ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿದಳು, ಬಾರ್ಲಿ ಚಹಾ ತಂದುಕೊಟ್ಟಳು, ಪಕ್ಕದ ಮನೆಯವರ ಫೋನ್ ನಂಬರು ಕೇಳಿ ತಾನೇ ಫೋನು ಮಾಡಿ ಹಾಸಿಗೆ ಒಳಗಿಡಿ ಎಂದು ಬೇಡಿಕೊಂಡಳು. ಪಕ್ಕದ ಮನೆಯವರು ಏನೆಂದುಕೊಂಡರೋ ತಿಳಿಯದು, ಆದರೆ ಹಾಸಿಗೆ ಒಳಗಿಟ್ಟರಂತೆ. "ಹಾಡು ಅಪರಿಚಿತರನ್ನು ಮೊಮ್ಮಕ್ಕಳನ್ನಾಗಿ ಮಾಡುತ್ತದೆ" ಎಂದು ಬರೆದುಕೊಳ್ಳುವಾಗ ಹಿಗಾಕಿಯವರ ಕಣ್ಣು ಒದ್ದೆಯಾಗಿತ್ತು.

ಇನ್ನು ಕೊನೆಯ ಪರೀಕ್ಷೆ ಎಂದು ಮಾಳಿಗೆಯ ಮೇಲಕ್ಕೆ ಹತ್ತಿದರು. ಅಲ್ಲಿ ಮಕ್ಕಳ ಕುದುರೆ ತಿರುಗಣಿ, ಸಂಜೆ ಬಿಯರ್ ಕುಡಿಯುವವರಿಗೆ ಅರವತ್ತು ಕುರ್ಚಿ, ಅವನ್ನೆಲ್ಲ ನೋಡಿಕೊಳ್ಳುವ ನೆಝು ಎಂಬ ಮಾತು ಕಡಿಮೆಯ ಮನುಷ್ಯ. ಬಿಸಿಲು ಕಬ್ಬಿಣ ಕಾಯಿಸುತ್ತಿತ್ತು. ಆ ಬಿಸಿಲಲ್ಲಿ ನೆಝು ಬೆವರು ಸುರಿಸುತ್ತ ಕುದುರೆಗಳಿಗೆ ಮಳೆಯ ಹೊದಿಕೆ ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಅರವತ್ತು ಕುರ್ಚಿಗಳೂ ಮಡಚಿಕೊಂಡು ಮಾಡಿನ ಕೆಳಗೆ ಸೇರಿದ್ದವು.

"ನೆಝು-ಸಾನ್! ಯಾಕೆ ಮುಚ್ತಿದ್ದೀರಿ?"

ನೆಝು ಗದ್ದದಿಂದ ಧ್ವನಿವರ್ಧಕ ತೋರಿಸಿದರು. "ಅದು ಹೇಳ್ತು."

"ಏನು ಹೇಳ್ತು?"

"ಕೇಳಿಸ್ತಿಲ್ವಾ ನಿಮಗೆ?"

"ಕೇಳಿಸ್ತಿದೆ, ಕೇಳಿಸ್ತಿದೆ. ಆದ್ರೂ... ಒಂದ್ಸಲ ಆಕಾಶ ನೋಡಿದ್ರಾ?"

"ನೋಡ್ದೆ." ನೆಝು ಇನ್ನೊಂದು ಗಂಟು ಬಿಗಿದರು. "ಆಕಾಶ ನಂಗೆ ಸಂಬಳ ಕೊಡಲ್ಲ."

ಅಷ್ಟರಲ್ಲಿ ಹಾಡು ಬದಲಾಯಿತು. ನೆಝು ಒಂದು ಕ್ಷಣ ಧ್ವನಿವರ್ಧಕವನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೊದಲನೆಯ ಗಂಟು ಬಿಚ್ಚತೊಡಗಿದರು.

ಒಳಗೆ ಹೀಗಿರುವಾಗ ಹೊರಗಿನ ಲೋಕ ಸುಮ್ಮನಿರಲಿಲ್ಲ. ಓಗಿಮಾಸುವಿನ ಬಾಗಿಲಿನಿಂದ ಜನ ಪ್ಲಾಸ್ಟಿಕ್ ಸುತ್ತಿದ ಚೀಲ ಹಿಡಿದು, ಹೊಸ ಛತ್ರಿ ಬಿಚ್ಚಿ, ಹೆಗಲು ಕುಗ್ಗಿಸಿ ಹೊರಬರುತ್ತಿದ್ದರು. ನಾಲ್ಕು ಹೆಜ್ಜೆ ನಡೆದು ನಿಂತು ಮೇಲೆ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಛತ್ರಿ ಮಡಚಲು ನಾಚಿಕೆಯಾಗಿ ಹಾಗೇ ಮುಂದೆ ಸಾಗುತ್ತಿದ್ದರು. ಇದನ್ನು ಕಂಡ ಎದುರಿನ ಲಾಂಡ್ರಿಯ ತ್ಸುಕುದಾ ಅಮ್ಮ, ಓಗಿಮಾಸುವಿನವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು, ಹೋಟೆಲಿನ ನಲವತ್ತು ದುಪ್ಪಟಿಗಳನ್ನು ತಂತಿಯಿಂದ ಬಾಚಿ ಒಳಗೆಸೆದಳು. ಲಾಂಡ್ರಿಯವಳು ಬಟ್ಟೆ ತೆಗೆದಳೆಂದರೆ ಆ ಬೀದಿಗೆ ಬೇರೆ ಸಾಕ್ಷಿ ಬೇಡ. ಮೀನು ಒಣಗಿಸುವವನು ತಟ್ಟೆ ಎತ್ತಿದ. ಪುಸ್ತಕದಂಗಡಿಯವನು ಬಾಗಿಲೆಳೆದ. ಹತ್ತು ನಿಮಿಷದ ಮೇಲೆ ಯಾರೂ ಛತ್ರಿ ಬಿಚ್ಚದೆ ಹೊರಬಂದದ್ದನ್ನು ನೋಡಿ ಎಲ್ಲರೂ ಮತ್ತೆ ಹರಡಿದರು. ಮತ್ತೆ ಎತ್ತಿದರು. ಮೂರನೆಯ ಸಲಕ್ಕೆ ತ್ಸುಕುದಾ ಅಮ್ಮ ಕೋಲು ಹಿಡಿದೇ ರಸ್ತೆ ದಾಟಿ ಬಂದಳು.

"ಎಲ್ಲಿ ಆ ಮಳೆ? ನಂಗೆ ತೋರಿಸಿ! ಬರೋದಾದ್ರೆ ಬರ್ಲಿ, ಇಲ್ಲ ಹೋಗ್ಲಿ, ಇದೇನು ಹೆಣ್ಣು ನೋಡೋಕೆ ಬಂದ ಗಂಡಿನ ಹಾಗೆ ಬಂದು ಬಂದು ಹೋಗೋದು?"

ಅವಳ ಹಿಂದೆ ಚೌಕಿಯ ಪೊಲೀಸು ಬಂದ. ವಿಚಾರಣೆಯ ಮೇಜಿನಲ್ಲಿ ಫೋನು ರಿಂಗಾಯಿತು. ಅಲ್ಲಿದ್ದ ಹುಡುಗಿ ತ್ಸುಕುದಾ ಅಮ್ಮನ ಕೋಲನ್ನು ಹಿಡಿದುಕೊಂಡಿದ್ದರಿಂದ, ಆಗತಾನೇ ಮೆಟ್ಟಿಲಿಳಿದು ಬಂದ ಹಿಗಾಕಿಯವರೇ ಎತ್ತಿಕೊಂಡರು. ಆ ಕಡೆ ಹವಾಮಾನ ಕಚೇರಿಯ ಗುಮಾಸ್ತ.

"ಓಗಿಮಾಸು ಅಲ್ವೇ? ನಿಮ್ಮ ಕಡೆ ಬಂದು ನಿಂತು ಬಂದು ನಿಂತು ಮಾಡ್ತಿದೆ ಅಂತ ಜನ ಫೋನು ಮಾಡ್ತಿದಾರೆ. ನಮ್ಮಲ್ಲಿ ಏನೂ ದಾಖಲಾಗಿಲ್ಲ."

"ದಾಖಲಾಗಲ್ಲ ಸ್ವಾಮಿ, ಅದು ಒಳಗಿನ ಅನುಭವ" ಎಂದರು ಹಿಗಾಕಿಯವರು, ತಮ್ಮ ಪ್ರಯೋಗದ ಸುದ್ದಿ ಸರ್ಕಾರಕ್ಕೂ ಮುಟ್ಟಿತಲ್ಲ ಎಂಬ ಬೆರಗಿನಲ್ಲಿ. "ಇದುವರೆಗೆ ನಾಲ್ಕು ಸಲ ಆಯ್ತು. ಪ್ರತಿ ಸಲ ಸರಿಯಾಗಿ ಹತ್ತು ನಿಮಿಷ."

"ಸರಿಯಾಗಿ ಹತ್ತು ನಿಮಿಷಾನಾ? ಇಂಥದ್ದು ನನ್ನ ಸರ್ವೀಸಲ್ಲೇ ಕೇಳಿಲ್ಲ. ಮುಂದಿನದು ಯಾವಾಗ ಅಂತ ಅಂದಾಜಿದೆಯಾ?"

ಹಿಗಾಕಿಯವರು ಕೈಗಡಿಯಾರ ನೋಡಿದರು. "ಹನ್ನೆರಡೂ ಐದಕ್ಕೆ."

ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸಿತು. ಆಮೇಲೆ ಗುಮಾಸ್ತ ತುಂಬ ವಿನಯದಿಂದ ಕೇಳಿದ: "ತಾವು ಯಾವ ವಿಶ್ವವಿದ್ಯಾಲಯದವರು?"

ಹನ್ನೆರಡೂ ಐದಕ್ಕೆ, ಬ್ಯಾಂಕಿನ ಕೆಲಸ ಮುಗಿಸಿ ಬಿಸಿಲಲ್ಲಿ ಬೆಂದು ಬಂದ ಕುರೋಯ್ವಾ ಬಾಗಿಲಿನ ಒಳಗೆ ಕಾಲಿಟ್ಟರು. ಓಬಾತಾ-ಸಾನ್ ಓಡಿ ಬಂದು ಅವರ ಒಣಗಿದ ತಲೆಯನ್ನು ತುವಾಲಿನಿಂದ ಒರೆಸಿದರು.

"ಇದೇನ್ರೀ?"

"ಇಂಥ ಮಳೇಲಿ ಛತ್ರಿ ಇಲ್ಲದೆ ಬಂದ್ರಲ್ಲ ಸರ್!"

ಕುರೋಯ್ವಾ ಬಾಗಿಲಿನತ್ತ ನೋಡಿದರು. ಧ್ವನಿವರ್ಧಕದತ್ತ ನೋಡಿದರು. ಆಮೇಲೆ ಆ ದಪ್ಪ ಮನುಷ್ಯ ನಾಲ್ಕು ಮಹಡಿ ಮೆಟ್ಟಿಲನ್ನು ಓಡಿ ಹತ್ತಿದ್ದನ್ನು ಕಂಡವರು ಇಂದಿಗೂ ಹೇಳುತ್ತಾರೆ. ಪ್ರಸಾರದ ಕೋಣೆಗೆ ಬೀಗ. ಬಾಗಿಲು ಬಡಿದರು, ಒಳಗಿನಿಂದ ಮಿನೆಗಿಶಿ ಶಿಹೊ ನಿಟ್ಟುಸಿರು ಬಿಟ್ಟಳು. ಕೊನೆಗೆ ಕೆನ್ನೆ ಊದಿಸಿಕೊಂಡು ಬಂದ ವಕುಯಿ ಚಿಸಾತೊ ತನ್ನ ಬಳಿಯಿದ್ದ ಎರಡನೆಯ ಕೀಲಿಯಿಂದ ಬಾಗಿಲು ತೆಗೆದು ಗುಂಡಿ ಒತ್ತಿದಳು. ಓಗಿಮಾಸುವಿನಲ್ಲಿ ಮಳೆಯೂ ಇಲ್ಲ, ಬಿಸಿಲೂ ಇಲ್ಲ ಎಂಬಂಥ ಮೌನ ಕವಿಯಿತು.

ಒಂದು ಗಂಟೆಗೆ ಹಿಗಾಕಿಯವರಿಗೆ ಮೇಲಿನಿಂದ ಕರೆ ಬಂತು. ವರದಿಯನ್ನು ಒಂದು ದಿನ ಮುಂಚೆಯೇ ಕೇಳುವಷ್ಟು ಆತುರವೇ ಎಂದುಕೊಂಡು ಅವರು ಟೈ ಸರಿಮಾಡಿಕೊಂಡರು.

ಸಭೆಯ ಕೋಣೆಯಲ್ಲಿ ನಿರ್ದೇಶಕ ಉನೊ, ಏದುಸಿರು ಬಿಡುವ ಕುರೋಯ್ವಾ, ಜೊತೆಗೆ ಅತ್ತೆ ಸೊಸೆ ಇಬ್ಬರೂ ಇದ್ದರು. ಅವರು ಆರನೆಯ ಮಹಡಿಯಲ್ಲಿ ಊಟಕ್ಕೆ ಬಂದವರು. ಮಳೆ ಎಂದು ಮೂರು ಸಲ ಕಾರು ತರಿಸಿದ್ದರು, ಮಳೆ ನಿಂತಿತೆಂದು ಮೂರು ಸಲ ಕಳಿಸಿದ್ದರು. ಅವರ ಮುಖ ನೋಡಿದರೆ ಯಾರಾದರೂ ಬಾಗಿಲಿನಿಂದಲೇ ಹಿಂತಿರುಗುತ್ತಿದ್ದರು. ಹಿಗಾಕಿಯವರು ಪುಸ್ತಕ ತೆರೆದರು.

"ಹೋಲಿಕೆ" ಎಂದು ಓದಿದರು, ಗಂಟಲು ಸರಿಮಾಡಿಕೊಂಡು. "ಎರಡೂ ಹಾಡುಗಳು ಹೆಂಗಸರು ಹಾಡಿದ್ದು. ಎರಡರಲ್ಲೂ ಮಂಜಿದೆ. ಆದರೆ 'ಖಾಲಿ ದೋಣಿ' ಕೇಳಿದವರು ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಮುದುಕಿಗೆ ಕುರ್ಚಿ ಕೊಡುತ್ತಾರೆ. ಯಾರದೋ ಹಾಸಿಗೆಗಾಗಿ ಫೋನು ಮಾಡುತ್ತಾರೆ. ಚೀಲಕ್ಕೆ ಅಂಗಿ ತೊಡಿಸುತ್ತಾರೆ. 'ಐದನೇ ಮಹಡಿಯ ಗಾಳಿ' ಕೇಳಿದವರು ಎಲ್ಲವನ್ನೂ ಮಡಚಿ ಎತ್ತಿಡುತ್ತಾರೆ. ಮಾಳಿಗೆಯ ನೆಝು-ಸಾನ್ ಮೊದಲನೆಯ ಹಾಡು ಕೇಳಿ ಸೂರ್ಯನನ್ನೇ ಮರೆತರು. ಛತ್ರಿಗಳು ನೂರ ನಲವತ್ತಮೂರು ಹೋದವು. ಹವಾಮಾನ ಕಚೇರಿಯವರೂ ವಿಚಾರಿಸಿದ್ದಾರೆ."

ಅವರು ತಲೆಯೆತ್ತಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುರೋಯ್ವಾ ಮೇಜಿನ ಮೇಲೆ ಒಂದು ಹಾಳೆಯನ್ನು ತಳ್ಳಿದರು. ಹದಿನಾಲ್ಕು ಚೌಕಗಳು. ಒಂಬತ್ತನೆಯ ಚೌಕದಲ್ಲಿ, ತಲೆಕೆಳಗಾಗಿ, ಕೆಂಪಗೆ: ಹಿಗಾಕಿ.

"ಓದ್ರಿ" ಎಂದರು ಕುರೋಯ್ವಾ. "ಈಗಲಾದ್ರೂ ಓದ್ರಿ."

ಹಿಗಾಕಿಯವರು ಓದಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಪೂರ್ತಿ ಓದಿದ ಮೊದಲ ಸುತ್ತೋಲೆ ಅದು. ಮುಗಿಸಿ, ಮಡಚಿ, ತುಂಬ ಹೊತ್ತು ನಮಸ್ಕರಿಸಿದ ಭಂಗಿಯಲ್ಲೇ ನಿಂತರು. ಕಾರ್ಪೆಟ್ಟಿನ ಮೇಲೆ ಅವರಿಗೆ ಕಂಡದ್ದು ಬದನೆಯ ಹೂವು.

"ಪ್ರಾಮಾಣಿಕವಾಗಿ ಹೇಳ್ತೀನಿ" ಎಂದರು, ಬಗ್ಗಿದ ಹಾಗೇ. "ನನಗೆ ಎರಡೂ ಹಾಡು ಒಂದೇ ಥರ ಕೇಳಿಸ್ತು. ನಿದ್ದೆ ಬಂತು. ಸಂಗೀತ ನನಗೆ ಗೊತ್ತಿಲ್ಲ. ಆ ದಿನ ಹೇಳಿದ ಮಾತು ರಟ್ಟಿನ ಮೇಲೆ ಬರೆದಿತ್ತು."

ಕುರೋಯ್ವಾ ಬಾಯಿ ತೆರೆದರು. ಅಷ್ಟರಲ್ಲಿ ಸುಮಿಯೆ ಅಮ್ಮನವರ ಕಡೆಯಿಂದ ಒಂದು ಸದ್ದು ಬಂತು, ಕೆಟಲಿನ ಮುಚ್ಚಳ ಕುಣಿದ ಹಾಗೆ. ಮುದುಕಿ ನಗುತ್ತಿದ್ದರು.

"ಒಂದೇ ಥರ! ಅಯ್ಯೋ ದೇವರೇ, ನಂಗೂ ಹಾಗೇ ಕೇಳಿಸೋದು! ಇವಳು ಆ ಹಾಡು ಬೇಕು ಅಂದಳು ಅಂತ ನಾನು ಈ ಹಾಡು ಅಂದೆ."

ಮಾಚಿಕೊ ಅಮ್ಮ ಕೈಯಲ್ಲಿದ್ದ ಬೀಸಣಿಗೆ ಕೆಳಗಿಟ್ಟರು. "ನಾನು ಯಾಕೆ ಆ ಹಾಡು ಅಂದೆ ಗೊತ್ತಾ ಅತ್ತೆ? ನೀವು ಈ ಹಾಡು ಅಂತೀರ ಅಂತ ಅಡುಗೆಯವಳು ಮೊದಲೇ ಹೇಳಿದ್ದಳು."

"ಹಾಗಾದ್ರೆ ನಿಂಗೆ ಯಾವುದು ಇಷ್ಟ?"

"ಯಾವುದೂ ಇಲ್ಲ. ಬಂದ ಅತಿಥಿಗಳಿಗೆ ಆಕಳಿಕೆ ಬರುತ್ತೆ."

"ಹಾಡೇ ಬೇಡ ಬಿಡು."

"ಬೇಡವೇ ಬೇಡ."

ಇಬ್ಬರೂ ಒಟ್ಟಿಗೆ ತಲೆ ಆಡಿಸಿದರು. ಆಮೇಲೆ, ಏನಾಯಿತೆಂದು ಹೊಳೆದು, ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೆದರಿಕೆಯಿಂದ ನೋಡಿದರು.

"ಮತ್ತೆ ಈ ಮನುಷ್ಯ ಶುದ್ಧ ಪೆದ್ದು" ಎಂದರು ಅತ್ತೆ, ಸಾಲದೆಂಬಂತೆ.

"ಅದರಲ್ಲಿ ಎರಡು ಮಾತಿಲ್ಲ" ಎಂದರು ಸೊಸೆ.

"ಗೋದಾಮಿನ ಆದೇಶ ಇವತ್ತೇ ಟೈಪು ಮಾಡಿಸ್ತೀನಿ" ಎಂದು ಕುರೋಯ್ವಾ ಎದ್ದರು.

"ಕೂತ್ಕೋ" ಎಂದರು ಸುಮಿಯೆ ಅಮ್ಮನವರು. "ಉನೊ, ನೀನು ನಮ್ಮೆದುರು ಏನು ಹೇಳಿದ್ದೆ? ನಾವಿಬ್ಬರೂ ಒಂದು ಮಾತಿಗೆ ಒಪ್ಪಿದರೆ?"

"ಇವರ ಹೆಸರು ಹೊಡೆದು ಹಾಕ್ತೀನಿ ಅಂತ, ಅಮ್ಮ. ಆದ್ರೆ ಅದು ಹಾಡಿನ ವಿಷಯ..."

"ಒಂದು ಮಾತು ಅಂದಿರಿ. ನನ್ನೆದುರೇ ಅಂದಿರಿ" ಎಂದರು ಮಾಚಿಕೊ ಅಮ್ಮ. "ನಾವು ಒಂದಲ್ಲ, ಎರಡಕ್ಕೆ ಒಪ್ಪಿದ್ದೀವಿ."

ಉನೊ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಪಟ್ಟಿ ತರಿಸಿ ಒಂದು ಹೆಸರಿನ ಮೇಲೆ ಗೆರೆ ಎಳೆದು ತಮ್ಮ ಮುದ್ರೆ ಒತ್ತಿದರು. ಬಾಗಿಲ ಬಳಿ ಸುಮಿಯೆ ಅಮ್ಮನವರು ಹಿಗಾಕಿಯವರ ಪಕ್ಕ ನಿಂತು ಪಿಸುಗುಟ್ಟಿದರು: "ಮುದುಕಿಗೆ ಕುರ್ಚಿ ಕೊಟ್ಟರು ಅಂತ ಬರೆದಿದ್ದೀಯಲ್ಲ, ಆ ಹುಡುಗಿ ಯಾರು? ಹೆಸರು ಬರೆದು ಕಳಿಸು." ಸೊಸೆ ಅತ್ತೆಯ ಮೊಣಕೈ ಹಿಡಿದುಕೊಂಡರು. ಮೆಟ್ಟಿಲು ಇಳಿಯುವಾಗ ಸಾರಿನ ಉಪ್ಪಿನ ಮಾತು ಶುರುವಾದದ್ದು ಕೇಳಿಸಿತು.

ಶಿಕ್ಷೆ ಇಲ್ಲದೆ ಹೋಗಲಿಲ್ಲ. ಹಿಗಾಕಿಯವರು ಮಧ್ಯಾಹ್ನವಿಡೀ ಕಾಲ್ನಡಿಗೆಯಲ್ಲಿ ಬೀದಿ ಸುತ್ತಿ ಕ್ಷಮೆ ಕೇಳಿದರು. ಪುಸ್ತಕದಂಗಡಿಯವನು ನಕ್ಕ. ಪೊಲೀಸು ಹೆಸರು ಬರೆದುಕೊಂಡ. ತ್ಸುಕುದಾ ಅಮ್ಮ ಕ್ಷಮೆಯನ್ನು ಬಾಯಿಮಾತಿನಲ್ಲಿ ಒಪ್ಪದೆ ದುಪ್ಪಟಿಯ ಒಂದು ತುದಿ ಅವರ ಕೈಗೆ ಕೊಟ್ಟಳು. ನಲವತ್ತೂ ಮಡಿಸಿ ಮುಗಿಯುವ ಹೊತ್ತಿಗೆ "ಮೂಲೆ ಕೂಡಿಸೋದು ಪರವಾಗಿಲ್ಲ, ಬರುತ್ತೆ ನಿಮಗೆ" ಎಂದಳು. ಹವಾಮಾನ ಕಚೇರಿಯ ಗುಮಾಸ್ತನಿಗೆ ಎಷ್ಟು ಹೇಳಿದರೂ ನಂಬಲಿಲ್ಲ. ನಾಳೆಯದನ್ನು ಸ್ವಲ್ಪ ನೋಡಿ ಹೇಳಿ ಎಂದ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹಿಂತಿರುಗಿ, ಪ್ರತಿ ಮಹಡಿಗೂ ಒಂದರಂತೆ ಕ್ಷಮಾಪಣೆಯ ಪತ್ರ ಬರೆಯಲು ಕುಳಿತರು. ನೆಲ ಮಹಡಿಯದು ಮುಗಿಯಿತು. ನೆಲಮಾಳಿಗೆಯದು ಮುಗಿಯಿತು. ಮಾಳಿಗೆಯ ಪತ್ರಕ್ಕೆ ಬಂದಾಗ ಪೆನ್ನು ನಿಂತಿತು. ಅರವತ್ತು ಕುರ್ಚಿ, ಅಷ್ಟೂ ಕುದುರೆ, ಐದು ಸಲ ಕಟ್ಟಿ, ಐದು ಸಲ ಬಿಚ್ಚಿ, ಆ ಬಿಸಿಲಲ್ಲಿ. ಬೆಳಗಿನಿಂದ ಏನೂ ತಿನ್ನದ ಅವರ ಹೊಟ್ಟೆ ಆ ನಿಶ್ಶಬ್ದದಲ್ಲಿ ಜೋರಾಗಿ ಸದ್ದು ಮಾಡಿತು.

ಬಾಗಿಲು ಸರಿಯಿತು. ನೆಝು ನಿಂತಿದ್ದರು. ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಹಿಗಾಕಿಯವರು ದಡಕ್ಕನೆ ಎದ್ದು ಬಗ್ಗಿದರು.

"ನೆಝು-ಸಾನ್, ನನ್ನಿಂದ..."

ನೆಝು ಕೈ ಅಡ್ಡ ಮಾಡಿದರು. ಪತ್ರಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿದರು. ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟರು.

"ಮಧ್ಯಾಹ್ನ ತಿನ್ನೋಕೆ ಪುರಸೊತ್ತಾಗ್ಲಿಲ್ಲ" ಎಂದರು. "ಹೆಂಡತಿ ಮೂರು ಉಂಡೆ ಕಟ್ಟಿದ್ಲು."

ಗಂಟು ಬಿಚ್ಚಿ, ಒಂದು ಅನ್ನದ ಉಂಡೆಯನ್ನು ತಾವು ತೆಗೆದುಕೊಂಡು, ಎರಡು ಉಳಿದ ಡಬ್ಬಿಯನ್ನು ಹಿಗಾಕಿಯವರ ಕೈಗೆ ಕೊಟ್ಟರು.